ಬಾಡಿಗೆಯ ಮನೆಯೂ ಮುಂಗಡದ ಹಣವೂ

ಮನೆಯನ್ನು ಬಾಡಿಗೆಗೆ ಕೊಡುವ ಗೃಹಸ್ಥನ ಕೈಗೆ ಎರಡು ಬಗೆಯ ಹಣ ಬರುವುದು. ತಿಂಗಳು ತಿಂಗಳಿಗೆ ಬರುವ ಬಾಡಿಗೆ ಒಂದು. ಒಕ್ಕಲು ಬರುವ ದಿನ ಒಂದೇ ಸಾರಿಗೆ ಬರುವ ಮುಂಗಡ ಇನ್ನೊಂದು. ಮೊದಲನೆಯದು ಆತನದು, ಅದನ್ನು ಉಂಡರೂ ಸರಿ, ಉಟ್ಟರೂ ಸರಿ, ಕೇಳುವವರಿಲ್ಲ. ಎರಡನೆಯದು ಆತನದಲ್ಲ. ಆದರೆ ಎರಡೂ ಒಂದೇ ಕೈಯಿಂದ ಬಂದು ಒಂದೇ ಪೆಟ್ಟಿಗೆಗೆ, ಈಗಿನ ಕಾಲದಲ್ಲಾದರೆ ಒಂದೇ ಬ್ಯಾಂಕಿನ ಒಂದೇ ಲೆಕ್ಕಕ್ಕೆ, ಸೇರುವುದರಿಂದ, ಕೆಲವು ತಿಂಗಳು ಕಳೆಯುವಷ್ಟರಲ್ಲಿ ಯಾವುದು ಯಾರದೆಂಬ ಭೇದವೇ ಮನಸ್ಸಿನಿಂದ ಅಳಿಸಿಹೋಗುವುದು. ಮನೆಯ ಯಜಮಾನರಿಗೂ ಒಕ್ಕಲಿನವರಿಗೂ ನಡುವೆ ಹುಟ್ಟುವ ಜಗಳಗಳಲ್ಲಿ ನಲ್ಲಿಯ ನೀರು, ಮೆಟ್ಟಿಲ ಮೇಲಿನ ಚಪ್ಪಲಿ, ರಾತ್ರಿ ತಡವಾಗಿ ಬರುವ ನೆಂಟರು, ಇವೆಲ್ಲ ಸಣ್ಣವು. ಒಂದು ವಾರದಲ್ಲಿ ಮರೆತುಹೋಗತಕ್ಕವು. ಮುಂಗಡದ ಜಗಳ ಮಾತ್ರ ಒಕ್ಕಲಿನವರು ಊರನ್ನೇ ಬಿಟ್ಟುಹೋದ ಮೇಲೂ ಉಳಿಯುವುದು.

ನಮ್ಮಲ್ಲಿ ಈ ಹಣಕ್ಕೆ ಮುಂಗಡವೆಂದೂ, ಬೆಂಗಳೂರಿನ ಬೀದಿಯ ಮಾತಿನಲ್ಲಿ ಅಡ್ವಾನ್ಸ್ ಎಂದೂ ಹೆಸರು. ಹೆಸರೇ ಮನೆಯವನನ್ನು ತಪ್ಪುದಾರಿಗೆ ಎಳೆಯುವಂಥದು. ಮುಂಗಡವೆಂದರೆ ಮುಂದೆ ಕೊಡಬೇಕಾದುದನ್ನು ಮೊದಲೇ ಕೊಟ್ಟದ್ದು. ದರ್ಜಿಗೆ ಕೊಟ್ಟ ಮುಂಗಡ, ಅಡಿಗೆಯವರಿಗೆ ಕೊಟ್ಟ ಮುಂಗಡ, ಇವನ್ನು ಪಡೆದವರು ತಮ್ಮ ಕೂಲಿಯ ಒಂದು ಭಾಗವೆಂದೇ ತಿಳಿದು ಖರ್ಚು ಮಾಡುವರು. ಅದರಲ್ಲಿ ತಪ್ಪೇನೂ ಇಲ್ಲ. ಮನೆಯ ಮುಂಗಡ ಹಾಗಲ್ಲ. ಅದು ಠೇವಣಿ, ಒಬ್ಬರು ಇನ್ನೊಬ್ಬರಲ್ಲಿ ಇಟ್ಟುಹೋದ ಒಡವೆಯಂತೆ. ಒಕ್ಕಲಿನವರು ಬಾಡಿಗೆ ನಿಲ್ಲಿಸಿದರೆ, ಮನೆಗೆ ನಷ್ಟ ಮಾಡಿದರೆ, ಅದರಿಂದ ಅಷ್ಟನ್ನು ಮಾತ್ರ ತೆಗೆದುಕೊಳ್ಳಲು ಯಜಮಾನನಿಗೆ ಅಧಿಕಾರ. ಉಳಿದಂತೆ ಅದು ಇಟ್ಟವರ ಗಂಟು. ಈ ಲೇಖನದಲ್ಲಿಯೂ ನಾವು ರೂಢಿಯನ್ನು ಅನುಸರಿಸಿ ಮುಂಗಡವೆಂದೇ ಬರೆಯುವೆವು. ಓದುವವರು ಠೇವಣಿಯೆಂದು ತಿಳಿಯಬೇಕು.

ಬೆಂಗಳೂರಿನಲ್ಲಿ ಬಹುಕಾಲದಿಂದ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವುದು ರೂಢಿ. ಈಚೆಗೆ ಆರು ತಿಂಗಳಿಗೆ, ಐದು ತಿಂಗಳಿಗೆ ಒಪ್ಪುವವರೂ ಇದ್ದಾರೆ; ಆದರೆ ಹತ್ತು ಎಂಬ ಮಾತು ದಲ್ಲಾಳಿಗಳ ಬಾಯಿಂದ ಇನ್ನೂ ಹೋಗಿಲ್ಲ. ೨೦,೦೦೦ ರೂ. ಬಾಡಿಗೆಯ ಮನೆಗೆ ೨,೦೦,೦೦೦ ರೂ. ಮುಂಗಡ. ಇದಕ್ಕೆ ಒಕ್ಕಲಿನವರಿಗೆ ಬಡ್ಡಿ ಕೊಡುವ ಪದ್ಧತಿಯಿಲ್ಲ. ಬ್ಯಾಂಕಿನಲ್ಲಿ ನೂರಕ್ಕೆ ೬ರಂತೆ ಬಡ್ಡಿ ಬರುವುದೆಂದು ಹಿಡಿದರೆ ವರ್ಷಕ್ಕೆ ೧೨,೦೦೦ ರೂ. ಆಯಿತು, ತಿಂಗಳಿಗೆ ೧,೦೦೦. ಎಂದರೆ ಬಾಡಿಗೆ ಇಪ್ಪತ್ತು ಸಾವಿರವೆಂದು ಹೇಳಿದರೂ ಒಕ್ಕಲಿನವರು ನಿಜವಾಗಿ ತೆರುವುದು ಇಪ್ಪತ್ತೊಂದು ಸಾವಿರ. ಅವರು ಐದು ವರ್ಷ ಇದ್ದರೆ, ಚಕ್ರಬಡ್ಡಿಯ ಮಾತನ್ನು ಬಿಟ್ಟರೂ, ೬೦,೦೦೦ ರೂ. ಯಜಮಾನರಿಗೆ ಸಂದಂತಾಯಿತು. ಮನೆ ಬಿಡುವ ದಿನ ಗೋಡೆಯ ಮೊಳೆಯ ತೂತುಗಳನ್ನು ಬೆರಳು ಮಡಿಚಿ ಎಣಿಸುವ ಯಜಮಾನರು ಈ ಅರುವತ್ತು ಸಾವಿರವನ್ನೂ ಅದೇ ಕೈಬೆರಳಿನಲ್ಲಿ ಒಂದು ಸಾರಿ ಎಣಿಸುವುದು ಒಳ್ಳೆಯದು.

ಹಾಗಾದರೆ ಹತ್ತು ತಿಂಗಳೆಂಬುದು ಎಲ್ಲಿಂದ ಬಂತು? ನಮ್ಮ ಊಹೆಯಲ್ಲಿ ಇದು ಲೋಭಕ್ಕಿಂತ ಹೆಚ್ಚಾಗಿ ಭಯದಿಂದ ಹುಟ್ಟಿದ ಸಂಖ್ಯೆ. ಒಕ್ಕಲಿನವರು ಬಾಡಿಗೆಯನ್ನೂ ಕೊಡದೆ ಮನೆಯನ್ನೂ ಬಿಡದೆ ಕುಳಿತರೆ ನ್ಯಾಯಾಸ್ಥಾನದ ಮೆಟ್ಟಿಲು ಹತ್ತಬೇಕು. ಹತ್ತಿದವರಿಗೆ ಇಳಿಯುವ ಕಾಲ ತಿಳಿಯದು. ಆ ಅವಧಿಯನ್ನು ತುಂಬಲು ಮೊದಲೇ ಹಣ ಹಿಡಿದಿಟ್ಟುಕೊಳ್ಳುವುದು ಯಜಮಾನರ ಉಪಾಯ. ನಿವೃತ್ತರಾಗಿ ಮೇಲಂತಸ್ತಿನ ಬಾಡಿಗೆಯಿಂದಲೇ ಔಷಧಕ್ಕೂ ದಿನಸಿಗೂ ಹೊಂದಿಸಿಕೊಳ್ಳುವ ವೃದ್ಧ ದಂಪತಿಗಳನ್ನು ನಾವು ಬಲ್ಲೆವು. ಅವರ ಭಯವನ್ನು ಹಗುರಾಗಿ ನೋಡುವುದು ನ್ಯಾಯವಲ್ಲ.

ಕಾನೂನು ಏನು ಹೇಳುವುದೆಂದು ಕೇಳುವವರಿಗಾಗಿ ಎರಡು ಮಾತು. ನಮ್ಮ ರಾಜ್ಯದಲ್ಲಿ ೧೯೯೯ರ ಬಾಡಿಗೆ ಶಾಸನವುಂಟು. ಆದರೆ ಅದು ಕಡಮೆ ಬಾಡಿಗೆಯ ಮನೆಗಳಿಗೆ ಮಾತ್ರ ಅನ್ವಯಿಸುವಂಥದು. ದೊಡ್ಡ ನಗರಗಳಲ್ಲಿ ತಿಂಗಳಿಗೆ ೩,೫೦೦ ರೂ. ಮೀರಿದ ಮನೆಗಳು ಅದರ ಹೊರಗೆ ನಿಲ್ಲುವುವು. ಆ ಬೆಲೆಗೆ ಬೆಂಗಳೂರಿನಲ್ಲಿ ಈಗ ಒಂದು ಕೋಣೆ ಸಿಕ್ಕುವುದೂ ಕಷ್ಟ. ಹಾಗೆ ಹೊರಗುಳಿದ ಮನೆಗಳಿಗೆ ೧೮೮೨ರ ಸ್ವತ್ತು ವರ್ಗಾವಣೆ ಶಾಸನ, ೧೮೭೨ರ ಕರಾರು ಶಾಸನ, ಇವೇ ಆಧಾರ. ಎಂದರೆ ಇಬ್ಬರೂ ಕಾಗದದಲ್ಲಿ ಏನು ಬರೆದುಕೊಂಡರೋ ಅದೇ ಮುಖ್ಯ. ಕೇಂದ್ರ ಸರಕಾರದವರು ೨೦೨೧ರಲ್ಲಿ ಒಂದು ಮಾದರಿ ಶಾಸನವನ್ನು ಮಾಡಿ ರಾಜ್ಯಗಳ ಮುಂದಿಟ್ಟರು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗೂ, ಅಂಗಡಿ ಮುಂತಾದುವಕ್ಕೆ ಆರು ತಿಂಗಳ ಬಾಡಿಗೆಗೂ ಮಿಕ್ಕಿ ಮುಂಗಡ ಪಡೆಯಕೂಡದೆಂದೂ, ಮನೆಯನ್ನು ವಶಕ್ಕೆ ತೆಗೆದುಕೊಂಡ ದಿನವೇ ಸಲ್ಲತಕ್ಕುದನ್ನು ಕಳೆದು ಉಳಿದದ್ದನ್ನು ಹಿಂದಿರುಗಿಸತಕ್ಕದ್ದೆಂದೂ ಅದರಲ್ಲಿದೆ. ಮಾದರಿ ಮಾದರಿಯೇ, ಯಾವ ರಾಜ್ಯದವರು ಅದನ್ನು ತಮ್ಮ ಶಾಸನವಾಗಿ ಅಂಗೀಕರಿಸುವರೋ ಅಲ್ಲಿ ಮಾತ್ರ ಅದು ಕಟ್ಟುವುದು. ಆದರೂ 'ಅದೇ ದಿನ' ಎಂಬ ಮಾತಿನ ತೂಕ ನಮಗೆ ತಿಳಿದದ್ದು ಪುಸ್ತಕದಿಂದಲ್ಲ. ಅದನ್ನು ಇಲ್ಲಿ ಹೇಳದೆ ಮುಂದೆ ಹೋದರೆ ಉಳಿದ ಬುದ್ಧಿವಾದಕ್ಕೆ ಅರ್ಥವಿರದು.

ನಮ್ಮ ಮನೆಯ ಮೇಲಂತಸ್ತಿನಲ್ಲಿ ಹಾಸನದ ಕಡೆಯ ಒಂದು ಸಂಸಾರ ಐದು ವರ್ಷ ಒಕ್ಕಲಿತ್ತು. ಗಂಡ, ಹೆಂಡತಿ, ಶಾಲೆಗೆ ಹೋಗುವ ಎರಡು ಮಕ್ಕಳು. ಬಾಡಿಗೆ ಐದನೆಯ ತಾರೀಖು ದಾಟಿದ್ದಿಲ್ಲ. ಅವರು ಕೊಟ್ಟ ಮುಂಗಡ ೧,೫೦,೦೦೦ ರೂ. ಅವರು ಬಂದ ಎರಡನೆಯ ಮಳೆಗಾಲದಲ್ಲಿ ತಾರಸಿ ಸೋರಿತು. ಗಾರೆಯವರು ಹೇಳಿದ ಮೊತ್ತ ಕೇಳಿ ನಾವು ಬೇರೆ ಕಡೆ ಹುಡುಕಲಿಲ್ಲ. ಬ್ಯಾಂಕಿನಲ್ಲಿ ಹಣ ಇದ್ದೇ ಇತ್ತು. ತಾರಸಿಗೆ ತೊಂಬತ್ತು ಸಾವಿರ ಹೋಯಿತು. ಉಳಿದದ್ದು ಹೇಗೆ ಹೋಯಿತೆಂದು ಇಂದಿಗೂ ಸರಿಯಾಗಿ ಹೇಳಲಾರೆವು; ಒಂದು ಮದುವೆಯ ಉಡುಗೊರೆ, ಒಂದು ಆಸ್ಪತ್ರೆಯ ಖರ್ಚು, ಹೀಗೆ. ಮನಸ್ಸಿಗೆ ಅಳುಕೇನೂ ಇರಲಿಲ್ಲ. ಇವರು ಬಿಟ್ಟರೆ ಇನ್ನೊಬ್ಬರು ಬರುವರು. ಬಂದವರ ಮುಂಗಡವನ್ನು ಹೋಗುವವರಿಗೆ ಕೊಟ್ಟರಾಯಿತು. ಎಲ್ಲರೂ ನಡೆಸುವ ಕ್ರಮ ಅದೇ.

೨೦೨೦ನೆಯ ಇಸವಿ ಮಾರ್ಚಿ ತಿಂಗಳಲ್ಲಿ ದೇಶವೇ ಬಾಗಿಲು ಮುಚ್ಚಿತಷ್ಟೆ. ಮೇ ತಿಂಗಳಲ್ಲಿ ಆ ಗೃಹಸ್ಥರ ಕೆಲಸ ಹೋಯಿತು. ಜೂನ್ ಮೊದಲನೆಯ ವಾರ ಅವರು ಕೆಳಗೆ ಬಂದು, ತಿಂಗಳ ಕೊನೆಗೆ ಊರಿಗೆ ಹೊರಟುಹೋಗುವೆವೆಂದೂ, ಮುಂಗಡ ಬಂದರೆ ಊರಿನಲ್ಲಿ ಒಂದು ಸಣ್ಣ ಅಂಗಡಿ ಇಡುವ ಯೋಚನೆಯೆಂದೂ ಹೇಳಿದರು. ನಾವು ಆಗಲೆಂದೆವು. ನಮ್ಮ ಬೀದಿಯಲ್ಲಿ ಆ ತಿಂಗಳು 'ಮನೆ ಬಾಡಿಗೆಗೆ ಇದೆ' ಎಂಬ ಹಲಗೆ ತೂಗದ ಗೇಟು ಅಪರೂಪವಾಗಿತ್ತು. ಕೆಲಸ ಹೋದವರು, ಮನೆಯಿಂದಲೇ ಕೆಲಸ ಮಾಡಬಹುದೆಂದು ಕಚೇರಿಯವರು ಹೇಳಿ ಕಳುಹಿಸಿದವರು, ಎಲ್ಲರೂ ಊರು ಬಿಡುವವರೇ. ಬರುವವರು ಒಬ್ಬರೂ ಇಲ್ಲ. ಬರುವವರಿಲ್ಲದ ಮೇಲೆ ಹೋಗುವವರಿಗೆ ಕೊಡುವುದೆಲ್ಲಿಂದ? ಅವರು ಹೊರಟ ದಿನ ನಾವು ಕೊಟ್ಟದ್ದು ೩೦,೦೦೦ ರೂ. ಆಗಸ್ಟಿನಲ್ಲಿ ೪೦,೦೦೦. ಉಳಿದ ಎಂಬತ್ತು ಸಾವಿರ ಅವರ ಕೈ ಸೇರಿದಾಗ ದೀಪಾವಳಿ ಕಳೆದಿತ್ತು. ಅಷ್ಟು ದಿನವೂ ಅವರು ಒಂದು ಬಿರುಸು ಮಾತಾಡಲಿಲ್ಲ. ಸಾಮಾನಿನ ಲಾರಿಯವನಿಗೆ ಕೊಡಲು ಆಕೆ ಬಳೆಗಳನ್ನು ಒತ್ತೆಯಿಟ್ಟಿದ್ದರೆಂಬುದು ನಮ್ಮ ಮನೆಯವರಿಗೆ ಬಹಳ ದಿನಗಳ ಮೇಲೆ ಪಕ್ಕದ ಮನೆಯವರಿಂದ ತಿಳಿಯಿತು. ಅಂಗಡಿಯನ್ನು ಅವರು ಇಟ್ಟರೋ ಇಲ್ಲವೋ ನಾವು ಕೇಳಲಿಲ್ಲ. ಕೇಳುವ ಮುಖ ನಮಗಿರಲಿಲ್ಲ.

ಇದನ್ನು ಬರೆದದ್ದು ನಮ್ಮ ಪಶ್ಚಾತ್ತಾಪವನ್ನು ಮೆರೆಸುವುದಕ್ಕಲ್ಲ. ನಾವು ಮೋಸಗಾರರಾಗಿರಲಿಲ್ಲ, ಕೊಡಬಾರದೆಂಬ ಯೋಚನೆ ಒಂದು ಗಳಿಗೆಯೂ ಬಂದದ್ದಿಲ್ಲ. ಆದರೂ ಒಂದು ಸಂಸಾರಕ್ಕೆ ತನ್ನ ಹಣ ಬೇಕಾದ ದಿನ ಅದು ಸಿಕ್ಕಲಿಲ್ಲ. ಒಬ್ಬರ ಮುಂಗಡದಿಂದ ಇನ್ನೊಬ್ಬರ ಮುಂಗಡವನ್ನು ತೀರಿಸುವ ಸರಪಳಿ ಎಲ್ಲರೂ ನೆಮ್ಮದಿಯಾಗಿರುವ ಕಾಲದಲ್ಲಿ ಮಾತ್ರ ಗಟ್ಟಿಯಾಗಿ ಕಾಣುವುದು. ಒಕ್ಕಲಿನವರಿಗೆ ಕಷ್ಟ ಬಂದಾಗಲೇ ಅದು ಹರಿಯುವುದು. ಏಕೆಂದರೆ ಊರಿಗೆಲ್ಲ ಕಷ್ಟ ಬಂದಾಗಲೇ ಮನೆಗಳು ಖಾಲಿ ಬೀಳುವುವು.

ಆ ವರುಷದಿಂದ ನಾವು ಹಿಡಿದಿರುವ ಕ್ರಮ ಇಷ್ಟು. ಮುಂಗಡಕ್ಕೆಂದೇ ಬ್ಯಾಂಕಿನಲ್ಲಿ ಬೇರೆ ಲೆಕ್ಕವುಂಟು; ಬಾಡಿಗೆಯಾಗಲಿ ಪಿಂಚಣಿಯಾಗಲಿ ಅದರೊಳಗೆ ಹೋಗುವುದಿಲ್ಲ. ಬಂದ ಹಣದಲ್ಲಿ ಎರಡು ತಿಂಗಳ ಬಾಡಿಗೆಯಷ್ಟನ್ನು ಉಳಿತಾಯದ ಲೆಕ್ಕದಲ್ಲಿಯೇ ಬಿಟ್ಟು, ಮಿಕ್ಕದ್ದನ್ನು ವಾಯಿದೆಯ ಠೇವಣಿಗೆ, ಜನ ಎಫ್.ಡಿ. ಎನ್ನುವುದಕ್ಕೆ, ಹಾಕುವೆವು. ಅದೂ ಒಂದೇ ರಸೀತಿಯಲ್ಲಲ್ಲ. ಎರಡು ಮೂರು ಭಾಗ ಮಾಡಿ. ಅಕಸ್ಮಾತ್ ಅವಧಿಗೆ ಮುಂಚೆ ಮುರಿಯಬೇಕಾದರೆ ಬಡ್ಡಿ ಸ್ವಲ್ಪ ಕಡಮೆಯಾಗುವುದೇ ಹೊರತು ಅಸಲಿಗೆ ಮೋಸವಿಲ್ಲ. ಬರುವ ಬಡ್ಡಿ ನಮ್ಮದು. ಅದಕ್ಕೆ ಆದಾಯ ತೆರಿಗೆಯ ಲೆಕ್ಕದಲ್ಲಿ ಸ್ಥಳವುಂಟು. ಮುಂಗಡದ ಅಸಲು ಮಾತ್ರ ಹಿಂದಿರುಗಿಸತಕ್ಕದ್ದಾದುದರಿಂದ ಆದಾಯವಲ್ಲ. ಅದರಿಂದ ಒಂದು ಭಾಗವನ್ನು ಬಾಡಿಗೆಗೆಂದು ಮುರಿದುಕೊಂಡರೆ ಆ ಭಾಗ ಅಂದಿನಿಂದ ಬಾಡಿಗೆಯೇ ಆಗುವುದು. ಹೆಚ್ಚು ಬಡ್ಡಿಯ ಆಸೆಗೆ ಈ ಹಣವನ್ನು ಚೀಟಿಗೆ ಹಾಕುವವರನ್ನೂ, ಪರಿಚಯದವರಿಗೆ ಕೈಸಾಲ ಕೊಡುವವರನ್ನೂ ನೋಡಿದ್ದೇವೆ. ನಮ್ಮ ಸ್ವಂತ ಹಣವನ್ನು ಅಪಾಯಕ್ಕೆ ಒಡ್ಡುವುದು ನಮ್ಮ ಇಷ್ಟ; ಇದನ್ನು ಒಡ್ಡಲು ಯಾರ ಅನುಮತಿ ಕೇಳಿದೆವು? ಬ್ಯಾಂಕಿನಲ್ಲಿಯಾದರೋ ಒಬ್ಬೊಬ್ಬರ ಹೆಸರಿನ ಠೇವಣಿಗೆ ಒಂದು ಬ್ಯಾಂಕಿನಲ್ಲಿ ಐದು ಲಕ್ಷದವರೆಗೆ ವಿಮೆಯ ರಕ್ಷಣೆ ೨೦೨೦ರಿಂದ ದೊರೆತಿದೆ.

ಈ ಲೆಕ್ಕದ ಸಂಗತಿ ಮನೆಯಲ್ಲಿ ಒಬ್ಬರಿಗೇ ತಿಳಿದಿದ್ದರೆ ಸಾಲದು. ನಮ್ಮ ನೆರೆಯ ಬೀದಿಯಲ್ಲಿ ಒಬ್ಬ ಯಜಮಾನರು ಹಠಾತ್ತಾಗಿ ತೀರಿಕೊಂಡರು. ಹನ್ನೊಂದನೆಯ ದಿನ ಕಳೆದು ಸ್ವಲ್ಪ ಕಾಲವಾದ ಮೇಲೆ ಕೆಳಮನೆಯ ಒಕ್ಕಲಿನವರು, ತಾವು ಒಂದು ಲಕ್ಷದ ಇಪ್ಪತ್ತು ಸಾವಿರ ಕೊಟ್ಟಿರುವುದಾಗಿ ಹೇಳಿದರು. ಆ ತಾಯಿಗೆ ಗಂಡನ ವ್ಯವಹಾರವೊಂದೂ ತಿಳಿಯದು. ಕಾಗದ ಹುಡುಕಿದರೆ ಎಂಬತ್ತು ಸಾವಿರದ ಹಳೆಯ ಕರಾರು ಒಂದು ಸಿಕ್ಕಿತು. ಒಕ್ಕಲಿನವರು ಸುಳ್ಳು ಹೇಳುವವರಲ್ಲ. ಬಾಡಿಗೆ ಹೆಚ್ಚಿಸಿದಾಗ ಮುಂಗಡಕ್ಕೂ ನಲವತ್ತು ಸಾವಿರ ಸೇರಿಸಿ ಕೈಯಲ್ಲಿ ಕೊಟ್ಟಿದ್ದರು, ರಸೀತಿ ಬರೆಸಿಕೊಂಡಿರಲಿಲ್ಲ. ಎರಡು ಕಡೆಯವರೂ ಒಳ್ಳೆಯವರಾಗಿದ್ದೂ ಆ ನಲವತ್ತು ಸಾವಿರದ ಮೇಲೆ ಮಾತು ಬಿಟ್ಟರು. ಆದುದರಿಂದ ಗೃಹಿಣಿಯರು ಈ ಒಂದು ವಿಷಯವನ್ನು ಗಂಡಸರ ವ್ಯವಹಾರವೆಂದು ಬಿಡಬಾರದು. ಯಾವ ಒಕ್ಕಲು, ಎಷ್ಟು ಮುಂಗಡ, ಯಾವ ತಾರೀಖು, ಯಾವ ಬ್ಯಾಂಕಿನಲ್ಲಿದೆ, ಎಂಬುದನ್ನು ಪಂಚಾಂಗದ ಕೊನೆಯ ಹಾಳೆಯಲ್ಲಿ ಬರೆದಿಟ್ಟರೂ ಸಾಕು. ಮನೆ ಮಾರುವವರೂ ಇದನ್ನು ಮರೆಯುವುದುಂಟು. ಕೊಂಡವರು ಒಕ್ಕಲಿನ ಸಮೇತ ಮನೆ ಕೊಂಡರೆ, ಮುಂಗಡ ಅವರ ಕೈಗೆ ಸೇರಿತೆಂಬುದನ್ನು ಕ್ರಯಪತ್ರದಲ್ಲಿಯೇ ಕಾಣಿಸಿ, ಒಕ್ಕಲಿನವರಿಗೂ ಒಂದು ಕಾಗದ ಬರೆದುಕೊಡುವುದು ಮಾರಿದವರ ಕೆಲಸ.

ಇನ್ನು ಒಕ್ಕಲು ಬರುವ ದಿನದ ಮಾತು. ಆ ದಿನ ಎಲ್ಲರ ಮುಖವೂ ಅರಳಿರುವುದು. ಹಾಲುಕ್ಕಿಸುವ ಗಡಿಬಿಡಿ ಬೇರೆ. ನಲ್ಲಿ ಬಾಗಿಲುಗಳ ಪಟ್ಟಿ ಬರೆಯುವುದು ಸಣ್ಣತನವೆಂದು ತೋರಬಹುದು. ಆದರೆ ಬಿಡುವ ದಿನದ ಜಗಳಗಳಲ್ಲಿ ಮುಕ್ಕಾಲುಪಾಲು ಈ ಪಟ್ಟಿ ಇಲ್ಲದ್ದರಿಂದಲೇ ಹುಟ್ಟುವುವು. ಬಚ್ಚಲಮನೆಯ ಗೀಸರು ಕೆಲಸ ಮಾಡುವುದೇ, ಕಿಟಕಿಯ ಗಾಜುಗಳೆಷ್ಟು, ಯಾವುದು ಮೊದಲೇ ಬಿರುಕು ಬಿಟ್ಟಿದೆ, ಪಂಖಗಳೆಷ್ಟು, ಕೀಲಿಕೈ ಎಷ್ಟು ಜೊತೆ, ವಿದ್ಯುತ್ತಿನ ಮೀಟರು ಯಾವ ಅಂಕಿಯಲ್ಲಿದೆ, ಗೋಡೆಗೆ ಬಣ್ಣ ಹಚ್ಚಿ ಎಷ್ಟು ಕಾಲವಾಯಿತು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ರುಜು ಮಾಡಿದರೆ ಹತ್ತು ನಿಮಿಷದ ಕೆಲಸ. ಈಗ ಎಲ್ಲರ ಕೈಯಲ್ಲೂ ಚಿತ್ರ ತೆಗೆಯುವ ಮೊಬೈಲು ಇರುವುದರಿಂದ ಪ್ರತಿಯೊಂದು ಕೋಣೆಯ ನಾಲ್ಕು ಗೋಡೆಗಳ ಚಿತ್ರ ತೆಗೆದು, ಅದೇ ದಿನ ಒಕ್ಕಲಿನವರಿಗೂ ಕಳುಹಿಸಿಬಿಡಬೇಕು. ತಾನೊಬ್ಬನೇ ಇಟ್ಟುಕೊಂಡ ಚಿತ್ರ ಜಗಳದ ದಿನ ಅಷ್ಟಾಗಿ ಸಾಕ್ಷಿ ಹೇಳದು.

ಮುಂಗಡವನ್ನು ನೋಟುಗಳಲ್ಲಿ ಪಡೆಯಬಾರದು. ಇಪ್ಪತ್ತು ಸಾವಿರ ರೂಪಾಯಿಯಷ್ಟಾಗಲಿ ಅದಕ್ಕೆ ಮೇಲ್ಪಟ್ಟಾಗಲಿ ಠೇವಣಿಯನ್ನು ನಗದಾಗಿ ಪಡೆಯುವುದಕ್ಕೂ, ನಗದಾಗಿ ಹಿಂದಿರುಗಿಸುವುದಕ್ಕೂ ಆದಾಯ ತೆರಿಗೆಯ ಕಾನೂನಿನಲ್ಲಿ ತಡೆಯುಂಟು. ಮೀರಿದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಕಾನೂನಿನ ಮಾತು ಹಾಗಿರಲಿ, ಚೆಕ್ಕಿನಲ್ಲಿಯೋ ಬ್ಯಾಂಕಿನಿಂದ ಬ್ಯಾಂಕಿಗೋ ಬಂದ ಹಣಕ್ಕೆ ತಾನಾಗಿ ರಸೀತಿ ಹುಟ್ಟುವುದು. ಕರಾರು ಪತ್ರವನ್ನು ಹನ್ನೊಂದು ತಿಂಗಳಿಗೆ ಬರೆಯುವುದೇಕೆಂದು ಅನೇಕರಿಗೆ ತಿಳಿಯದು. ಒಂದು ವರ್ಷಕ್ಕೆ ಮೇಲ್ಪಟ್ಟ ಬಾಡಿಗೆಯ ಕರಾರನ್ನು ನೋಂದಾಯಿಸಲೇಬೇಕೆಂಬ ವಿಧಿಯನ್ನು ತಪ್ಪಿಸಿಕೊಳ್ಳಲು ಹೊರಟ ರೂಢಿ ಅದು. ಎಷ್ಟು ತಿಂಗಳಿಗಾದರೂ ಬರೆಯಲಿ, ಛಾಪಾ ಕಾಗದದಂಗಡಿಯವನ ಸಿದ್ಧ ನಮೂನೆಯಲ್ಲಿ ಹೆಸರು ಮಾತ್ರ ತುಂಬಿಸಿ ತರಬಾರದು. ಆ ನಮೂನೆಗಳಲ್ಲಿ ಮುಂಗಡವನ್ನು 'ಮನೆ ಖಾಲಿ ಮಾಡುವಾಗ' ಹಿಂದಿರುಗಿಸತಕ್ಕದ್ದೆಂದು ಬರೆದಿರುವುದು. ಕೀಲಿಕೈ ಕೊಟ್ಟ ದಿನವೇ, ಹದಿನೈದು ದಿನದೊಳಗೇ, ಮುಂದಿನ ಒಕ್ಕಲು ಬಂದ ಮೇಲೇ? ಇದನ್ನು ಬಿಡಿಸಿ ಬರೆಯಬೇಕು. ಏನೇನನ್ನು ಮುರಿದುಕೊಳ್ಳಬಹುದೆಂಬುದನ್ನೂ ಬರೆಯಬೇಕು. ಎಷ್ಟು ದಿನ ಮೊದಲು ತಿಳಿಸಬೇಕೆಂಬುದನ್ನೂ ಬರೆಯಬೇಕು. ಏನೂ ಬರೆಯದಿದ್ದರೆ ತಿಂಗಳ ಬಾಡಿಗೆಯ ಒಕ್ಕಲುತನಕ್ಕೆ ಕಾನೂನು ಹೇಳುವುದು ಹದಿನೈದು ದಿನ, ಅದು ಇಬ್ಬರಿಗೂ ಸಾಲದು.

ಮುರಿದುಕೊಳ್ಳುವ ವಿಷಯದಲ್ಲಿ ನಮಗೂ ನಮ್ಮ ಸ್ನೇಹಿತರಾದ ಮನೆಯ ಯಜಮಾನರಿಗೂ ಬಹಳ ಚರ್ಚೆಯಾಗಿದೆ, ಕಾಫಿ ಆರಿಹೋಗುವಷ್ಟು. ಬೆಂಗಳೂರಿನಲ್ಲಿ ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆಯನ್ನು ಮುರಿದುಕೊಳ್ಳುವುದು ಸಾಮಾನ್ಯವಾಗಿಬಿಟ್ಟಿದೆ. ಒಕ್ಕಲಿನವರು ಒಂದು ವರ್ಷ ಇದ್ದರೂ ಒಂದು ತಿಂಗಳು, ಆರು ವರ್ಷ ಇದ್ದರೂ ಒಂದು ತಿಂಗಳು. ಇದು ಯಾವ ಲೆಕ್ಕವೋ ನಮಗೆ ತಿಳಿಯದು. ೧೮೮೨ರ ಶಾಸನದ ೧೦೮ನೆಯ ವಿಧಿ, ಒಕ್ಕಲಿನವರು ಮನೆಯನ್ನು ತಾವು ವಶಕ್ಕೆ ಪಡೆದಾಗ ಇದ್ದಂಥ ಸ್ಥಿತಿಯಲ್ಲಿ ಒಪ್ಪಿಸಬೇಕೆಂದು ಹೇಳುವಾಗಲೇ, ಸಹಜವಾದ ಸವೆತವನ್ನೂ ತಡೆಯಲಾಗದ ಶಕ್ತಿಯಿಂದಾದ ಹಾನಿಯನ್ನೂ ಅವರ ಹೊಣೆಯಿಂದ ಹೊರಗಿಟ್ಟಿದೆ. ಮನುಷ್ಯರು ವಾಸಮಾಡಿದ ಮನೆಯ ಗೋಡೆ ಮಾಸುವುದು ಸಹಜವೇ ಅಲ್ಲವೆ? ಒಲೆಯ ಹಿಂದಿನ ಗೋಡೆಗೆ ಒಗ್ಗರಣೆಯ ಹೊಗೆ ಹಿಡಿಯುವುದು, ಬಾಗಿಲ ಹಿಡಿಯ ಸುತ್ತ ಕೈಗುರುತು ಬೀಳುವುದು, ನಲ್ಲಿಯ ವಾಷರು ಸವೆಯುವುದು, ಇವು ಬಾಡಿಗೆಯ ಬೆಲೆಯೊಳಗೇ ಸೇರಿದುವು. ಗೋಡೆಗೆ ಮಕ್ಕಳು ಬಳಪದಿಂದ ಆನೆ ಕುದುರೆ ಬರೆದದ್ದು, ಅಪ್ಪಣೆಯಿಲ್ಲದೆ ಕಪಾಟು ಹೊಡೆದು ಗಾರೆ ಕಿತ್ತದ್ದು, ಮುಖ ತೊಳೆಯುವ ಬೇಸಿನ್ನು ಒಡೆದದ್ದು, ಇವು ಸವೆತವಲ್ಲ, ನಷ್ಟ.

ನಾವು ಇಟ್ಟುಕೊಂಡಿರುವ ಸೂತ್ರ ಹೀಗೆ. ಬಣ್ಣಕ್ಕೆ ಮೂರು ವರ್ಷದ ಆಯುಸ್ಸು ಹಿಡಿಯುವೆವು. ಮೂರು ವರ್ಷ ಇದ್ದವರಿಂದ ಬಣ್ಣದ ಬಾಬ್ತು ಏನನ್ನೂ ಮುರಿಯುವುದಿಲ್ಲ. ಹೊಸ ಬಣ್ಣಕ್ಕೆ ಬಂದು ಒಂದೇ ವರ್ಷದಲ್ಲಿ ಬಿಟ್ಟವರು ಗೋಡೆಯನ್ನು ಕೆಡಿಸಿದ್ದರೆ, ಆದ ಖರ್ಚಿನಲ್ಲಿ ಮೂರರಲ್ಲೆರಡು ಪಾಲು. ಎರಡು ವರ್ಷಕ್ಕೆ ಬಿಟ್ಟವರಾದರೆ ಮೂರರಲ್ಲೊಂದು. ಕೆಡಿಸದಿದ್ದರೆ ಒಂದು ವರ್ಷಕ್ಕೂ ಏನಿಲ್ಲ. ಇದನ್ನು ಬರುವ ದಿನವೇ ಕರಾರಿನಲ್ಲಿ ಕಾಣಿಸುವೆವು. ಒಬ್ಬ ಸ್ನೇಹಿತರು ಇದನ್ನು ಕೇಳಿ, "ನೀವು ಧರ್ಮಛತ್ರ ಇಟ್ಟಿದ್ದೀರಿ" ಎಂದರು. ಅವರ ಮನೆಗೆ ಒಳ್ಳೆಯ ಒಕ್ಕಲು ಎರಡು ವರ್ಷಕ್ಕಿಂತ ಹೆಚ್ಚು ನಿಂತದ್ದನ್ನು ನಾವು ಕಂಡಿಲ್ಲ.

ಕರಾರಿನಲ್ಲಿ ದಂಡದ ಮೊತ್ತಗಳನ್ನು ಬರೆದುಕೊಂಡು, ಹನ್ನೊಂದು ತಿಂಗಳಿಗೆ ಮುಂಚೆ ಬಿಟ್ಟರೆ ಮುಂಗಡವೆಲ್ಲ ಮುಟ್ಟುಗೋಲು ಎಂದು ಹಾಕುವವರೂ ಇದ್ದಾರೆ. ಅಂಥವರು ಕರಾರು ಶಾಸನದ ೭೪ನೆಯ ವಿಧಿಯನ್ನು ನೋಡಬೇಕು. ಕಾಗದದಲ್ಲಿ ಎಷ್ಟೇ ಬರೆದಿದ್ದರೂ, ಆ ಮೊತ್ತಕ್ಕೆ ಮೀರದಂತೆ ನ್ಯಾಯವಾದ ಪರಿಹಾರವನ್ನು ಮಾತ್ರ ಕೊಡಿಸುವುದು ಆ ವಿಧಿಯ ತಾತ್ಪರ್ಯ. ಬರೆದ ಮಾತ್ರಕ್ಕೆ ಅಷ್ಟೂ ದಕ್ಕುವುದೆಂದು ನಂಬಿ ಕುಳಿತುಕೊಳ್ಳುವುದು ಬೇಡ.

ಒಕ್ಕಲಿನವರ ತಪ್ಪುಗಳನ್ನು ಮರೆಮಾಚುವುದು ನಮ್ಮ ಉದ್ದೇಶವಲ್ಲ. ಮನೆ ಬಿಡುವುದಕ್ಕೆ ನಾಲ್ಕೈದು ತಿಂಗಳು ಮುಂಚಿನಿಂದಲೇ ಬಾಡಿಗೆ ನಿಲ್ಲಿಸಿ, "ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳಿ ಸ್ವಾಮಿ" ಎನ್ನುವವರು ಈಗ ಬಹಳ. ಅವರಿಗೂ ಒಂದು ಕಾರಣವುಂಟು. ಬಿಟ್ಟ ಮೇಲೆ ಹಣ ಬರುವುದೆಂಬ ನಂಬಿಕೆಯಿಲ್ಲ. ಆ ನಂಬಿಕೆಯನ್ನು ಕೆಡಿಸಿದವರು ನಮ್ಮಂಥ ಯಜಮಾನರೇ. ಆದರೂ ಇದಕ್ಕೆ ಒಪ್ಪಬಾರದು. ಬಾಡಿಗೆಗೆ ಮುರಿಯುತ್ತ ಬಂದ ಮುಂಗಡ ಕೊನೆಯ ದಿನ ಬರಿದಾಗಿರುವುದು. ಒಡೆದ ಬೇಸಿನ್ನಿಗೂ ಕಟ್ಟದೆ ಉಳಿದ ವಿದ್ಯುತ್ತಿನ ಬಿಲ್ಲಿಗೂ ಆಗ ಹಿಡಿಯುವುದು ಯಾವುದನ್ನು? ಒಂದು ತಿಂಗಳ ಬಾಡಿಗೆ ನಿಂತ ಕೂಡಲೆ ಕಾಗದ ಬರೆದು ಕೇಳಬೇಕು. ಎರಡನೆಯ ತಿಂಗಳೂ ನಿಂತರೆ ವಕೀಲರ ಮುಖಾಂತರ ತಿಳಿವಳಿಕೆ ಕೊಡಿಸಬೇಕು. ದಾಕ್ಷಿಣ್ಯಕ್ಕೆ ಬಿದ್ದು ಎಂಟು ತಿಂಗಳು ಸುಮ್ಮನಿದ್ದು, ಆಮೇಲೆ ನೀರು ನಿಲ್ಲಿಸುವುದು, ಬಾಗಿಲಿಗೆ ಬೇರೆ ಬೀಗ ಹಾಕುವುದು, ಇಂಥ ಹುಚ್ಚಾಟಕ್ಕೆ ಇಳಿದರೆ ಸರಿಯಿದ್ದ ಯಜಮಾನನೂ ತಪ್ಪಿತಸ್ಥನಾಗುವನು.

ಬಾಡಿಗೆಯೇ ಇಲ್ಲದೆ ಹತ್ತು ಹದಿನೈದು ಲಕ್ಷವನ್ನು ಒಂದೇ ಗಂಟಾಗಿ ಕೊಟ್ಟು ಎರಡು ಮೂರು ವರ್ಷ ಇರುವ ಭೋಗ್ಯದ ಪದ್ಧತಿ, ಜನ ಲೀಸ್ ಎನ್ನುವುದು, ಬೆಂಗಳೂರಿನಲ್ಲಿ ಬಳಕೆಯಲ್ಲಿದೆ. ಅದರಲ್ಲಿ ಮೇಲೆ ಹೇಳಿದ ಅಪಾಯವೆಲ್ಲ ಹತ್ತರಷ್ಟು. ಗಂಟು ಪಡೆದವರು ಅದನ್ನು ಸಾಲಕ್ಕೋ ಇನ್ನೊಂದು ಮನೆ ಕಟ್ಟುವುದಕ್ಕೋ ಹಾಕಿಯೇ ಇರುವರು. ಅದೇ ಮನೆ ಬ್ಯಾಂಕಿಗೂ ಅಡಮಾನವಾಗಿದ್ದರೆ ಭೋಗ್ಯಕ್ಕೆ ಬಂದವರ ಪಾಡು ಕೇಳುವಂತಿಲ್ಲ. ಹಿಂದಿರುಗಿಸುವ ಹಣದ ದಾರಿಯನ್ನು ಮೊದಲೇ ಕಂಡುಕೊಳ್ಳದೆ ಮನೆಯನ್ನು ಭೋಗ್ಯಕ್ಕೆ ಕೊಡುವುದನ್ನು ನಾವಂತೂ ಯಾರಿಗೂ ಹೇಳಲಾರೆವು.

ಬಿಡುವ ದಿನದ ಲೆಕ್ಕವನ್ನು ಬಾಯಲ್ಲಿ ಹೇಳಬಾರದು. ಹಾಳೆಯಲ್ಲಿ ಬರೆದು, ಖರ್ಚಿನ ರಸೀತಿಗಳನ್ನು ಜೊತೆಗಿಟ್ಟು ಕೊಡಬೇಕು. ಹಿಂದಿನ ಸಂಜೆಯೇ ಇಬ್ಬರೂ ಪಟ್ಟಿ ಹಿಡಿದು ಕೋಣೆ ಕೋಣೆ ನೋಡಿ ಬಂದರೆ ಲಾರಿ ಬಂದು ನಿಂತ ಹೊತ್ತಿನಲ್ಲಿ ಮಾತು ಬೆಳೆಯುವುದಿಲ್ಲ. ಮೀಟರಿನ ಅಂಕಿಯನ್ನು ಅಂದೇ ಬರೆದುಕೊಳ್ಳಬೇಕು. ೨೦೨೩ರಲ್ಲಿ ಬಂದ ಗೃಹಜ್ಯೋತಿಗೆ ಒಕ್ಕಲಿನವರು ತಮ್ಮ ಹೆಸರು ನೋಂದಾಯಿಸಿದ್ದರೆ ಅದನ್ನೂ ಬಿಡಿಸಿಕೊಂಡು ಹೋಗಲು ನೆನಪು ಮಾಡಬೇಕು. ಇಲ್ಲವಾದರೆ ಮುಂದೆ ಬರುವವರಿಗೆ ತೊಡಕು.

ಕಳೆದ ಮಾಘದಲ್ಲಿ ನಮ್ಮ ಮೇಲಂತಸ್ತನ್ನು ಬಿಟ್ಟ ದಂಪತಿಗಳು ನಾಲ್ಕು ವರ್ಷ ಇದ್ದವರು. ಮುಂಗಡ ೨,೦೦,೦೦೦ ರೂ. ವಿದ್ಯುತ್ತಿನ ಬಾಕಿ ೧,೧೪೦, ನೀರಿನ ಪಾಲು ೪೬೦, ಒಡೆದ ಬೇಸಿನ್ನಿಗೆ ೨,೮೦೦. ಬಣ್ಣಕ್ಕೆ ಏನೂ ಇಲ್ಲವೆಂದಾಗ ಅವರು ಹಾಳೆಯನ್ನು ತಿರುಗಿಸಿ ಹಿಂಬದಿಯನ್ನು ನೋಡಿದರು, ಅಲ್ಲಿ ಬರೆದಿರಬಹುದೆಂದು. ಕೀಲಿಕೈ ಮೂರು ಜೊತೆ ಇರಬೇಕಾದಲ್ಲಿ ಎರಡೇ ಇದ್ದುವು. ಇನ್ನೊಂದನ್ನು ಮಾಡಿಸಲು ೨೦೦ ರೂ. ಎಂದು ಆ ಹುಡುಗಿಯೇ ತನ್ನ ಕೈಯಿಂದ ಪಟ್ಟಿಗೆ ಸೇರಿಸಿದಳು. ಒಟ್ಟು ೪,೬೦೦ ಕಳೆದು ೧,೯೫,೪೦೦ ರೂ. ಅವರ ಲೆಕ್ಕಕ್ಕೆ ಹೋಯಿತು. ಲಾರಿ ಬೀದಿಯ ತಿರುವು ದಾಟುವ ಮುನ್ನವೇ ಹಣ ಬಂದಿತೆಂದು ಅವರು ಫೋನಿನಲ್ಲಿ ತಿಳಿಸಿದರು. ಹತ್ತು ದಿನದ ಮೇಲೆ ಅಂಚೆಯಲ್ಲಿ ಒಂದು ಲಕೋಟೆ ಬಂತು. ಒಳಗೆ ಮೂರನೆಯ ಜೊತೆ ಕೀಲಿಕೈ. ಅಕ್ಕಿಯ ಡಬ್ಬಿಯ ತಳದಲ್ಲಿ ಸಿಕ್ಕಿತೆಂದು ಒಂದು ಚೀಟಿ. ನಾವು ಅಂದೇ ೨೦೦ ರೂ.ಗಳನ್ನು ಅವರಿಗೆ ಕಳುಹಿಸಿದೆವು.